ಬಣ್ಣ ಹಚ್ಚಿದ ಮುಖ, ಹಚ್ಚದ ಮುಖ

ಮೇಕಪ್‌ಗೆ ಕೂರುವ ಮುನ್ನ ನಾನು ಕೇಳುವುದು ಒಂದೇ: ಕ್ಯಾಮೆರಾ ಯಾವುದು, ಲೈಟ್ ಹೇಗೆ? ಕನ್ನಡಿಯಲ್ಲಿ ಕಂಡದ್ದು ಪರದೆಯ ಮೇಲೂ ಹಾಗೇ ಕಾಣುತ್ತದೆ ಅನ್ನುವಂತಿಲ್ಲ. ಮೂಕಿ ಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣವೇ ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗುತ್ತಿತ್ತು, ನೀಲಿ ಕಣ್ಣು ಬಿಳಚಿಕೊಳ್ಳುತ್ತಿತ್ತು. ನಟನ ನಿಜವಾದ ಮೈಬಣ್ಣ ಬೂದು ಛಾಯೆಗಳಲ್ಲಿ ಕರಗಿಹೋಗುತ್ತಿತ್ತು.

ಆ ಬೂದು ಛಾಯೆಯೊಳಗೆ ಬದುಕು ಕಟ್ಟಿಕೊಂಡವರು ಹಾಲಿವುಡ್ ನಟ ನೋಬಲ್ ಜಾನ್ಸನ್. 1881ರಲ್ಲಿ ಮಿಸೌರಿಯಲ್ಲಿ ಹುಟ್ಟಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಬೆಳೆದ ಕರಿಯ ಜನಾಂಗದ ಹುಡುಗ. ಅಪ್ಪ ಕುದುರೆ ಪಳಗಿಸುವವರು. ಮಗನಿಗೂ ಆ ವಿದ್ಯೆ ಬಂತು. ಎತ್ತರದ ಮೈಕಟ್ಟು, ತಿಳಿಯಾದ ಮೈಬಣ್ಣ. ಶಾಲೆಯ ಗೆಳೆಯ ಲಾನ್ ಚೇನಿ, ಮುಂದೆ ತನ್ನ ಮೇಕಪ್ ತಾನೇ ಮಾಡಿಕೊಂಡು 'ಸಾವಿರ ಮುಖದವ' ಅನ್ನಿಸಿಕೊಂಡವರು.

ಜಾನ್ಸನ್‌ಗೂ ಮುಖಗಳು ಕಡಿಮೆಯೇನಿರಲಿಲ್ಲ. 'ದಿ ಥೀಫ್ ಆಫ್ ಬಾಗ್ದಾದ್' (1924) ಚಿತ್ರದಲ್ಲಿ ರಾಜಕುಮಾರಿಯನ್ನು ವರಿಸಲು ಬರುವ ಭಾರತದ ರಾಜಕುಮಾರ ಅವರೇ. 1932ರಲ್ಲಿ 'ದಿ ಮಮ್ಮಿ'ಯಲ್ಲಿ ನ್ಯೂಬಿಯಾದ ಆಳು. ಅದೇ ವರ್ಷ 'ದಿ ಮೋಸ್ಟ್ ಡೇಂಜರಸ್ ಗೇಮ್'ನಲ್ಲಿ ಬಿಳಿಯ ಕೊಸಾಕ್, ಅಂದರೆ ರಷ್ಯಾದ ಯೋಧ ಪಂಗಡದ ಇವಾನ್. ಮರುವರ್ಷ 'ಕಿಂಗ್ ಕಾಂಗ್'ನ ದ್ವೀಪದ ನಾಯಕ. ಇವಾನ್‌ನನ್ನು ಒಮ್ಮೆ ನಿಲ್ಲಿಸಿ ನೋಡಿ. ಮುಖಕ್ಕೆ ತಿಳಿ ಬೇಸ್ ಹಚ್ಚುವುದು ಸುಲಭ. ಕಷ್ಟವಿರುವುದು ದವಡೆಯ ಅಂಚಿನಲ್ಲಿ, ಬಣ್ಣ ಮುಗಿದು ಚರ್ಮ ಶುರುವಾಗುವಲ್ಲಿ. ಆ ಅಂಚನ್ನೆಲ್ಲ ದಟ್ಟ ಗಡ್ಡ ಮುಚ್ಚಿದೆ. ಪಾತ್ರ ಮೂಗನದು, ಒಂದು ಮಾತೂ ಇಲ್ಲ. ಆದರೂ ಆತ ಬಾಗಿಲಲ್ಲಿ ಬಂದು ನಿಂತರೆ ಎದೆ ಝಲ್ ಅನ್ನುತ್ತದೆ. ಅದು ಮೇಕಪ್ಪಿನ ಕೆಲಸವಲ್ಲ, ನಟನ ಬೆನ್ನುಮೂಳೆಯ ಕೆಲಸ.

ನನ್ನನ್ನು ನೋಯಿಸುವುದು ಅವರು ಬಣ್ಣವಿಲ್ಲದೆ ನಿಂತ ಚಿತ್ರಗಳ ಕತೆ. 1916ರಲ್ಲಿ ಗೆಳೆಯರೊಡನೆ ಅವರು ಕರಿಯರಿಗಾಗಿ ಕರಿಯರೇ ಚಿತ್ರ ತೆಗೆಯುವ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಕಟ್ಟಿದರು. ಒಮಾಹಾದಲ್ಲಿ ಅಂಚೆ ನೌಕರರಾಗಿದ್ದ ತಮ್ಮ ಜಾರ್ಜ್ ಚಿತ್ರಗಳ ಹಂಚಿಕೆಗೆ ನಿಂತರು. ಮೊದಲ ಚಿತ್ರದಲ್ಲಿ ಜಾನ್ಸನ್ ಕರಿಯರ ಹೆಸರಾಂತ ವಿದ್ಯಾಸಂಸ್ಥೆ ಟಸ್ಕೀಗಿಯಲ್ಲಿ ಓದಿದ ಎಂಜಿನಿಯರ್. ಎರಡನೆಯದರಲ್ಲಿ ಅಶ್ವದಳದ ಸೈನಿಕ. ಅಲ್ಲಿ ಅವರು ಯಾರ ಆಳೂ ಅಲ್ಲ, ಯಾವ ಬುಡಕಟ್ಟಿನ ಮುಖಂಡನೂ ಅಲ್ಲ.

ಆದರೆ ಹೊಟ್ಟೆಪಾಡಿಗೆ ಹಾಲಿವುಡ್ ಸ್ಟುಡಿಯೋ ಯೂನಿವರ್ಸಲ್‌ನ ಸಂಬಳವೇ ಬೇಕಿತ್ತು. ಕರಿಯರ ಬಡಾವಣೆಗಳ ಥಿಯೇಟರುಗಳಲ್ಲಿ ಲಿಂಕನ್ ಚಿತ್ರಗಳಿಗೆ ಜನ ಮುಗಿಬಿದ್ದಾಗ, ತನ್ನ ನಟನೇ ತನಗೆ ಪೈಪೋಟಿಯಾಗುವುದನ್ನು ಯೂನಿವರ್ಸಲ್ ಸಹಿಸಲಿಲ್ಲ. 1918ರಲ್ಲಿ ಅವರು ತಮ್ಮದೇ ಕಂಪನಿಯನ್ನು ಬಿಡಬೇಕಾಯಿತು. ಲಿಂಕನ್ 1920ರ ದಶಕದ ಆರಂಭದಲ್ಲೇ ಮುಚ್ಚಿತು.

ಜಾನ್ಸನ್ 1978ರವರೆಗೆ ಬದುಕಿದ್ದರು. ಜಾರ್ಜ್ ಜೋಪಾನ ಮಾಡಿದ ಕಾಗದಪತ್ರಗಳು ಇಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿವೆ. ಲಿಂಕನ್ ಚಿತ್ರಗಳಲ್ಲಿ ಉಳಿದಿರುವುದು 1921ರ ಒಂದರ ಕೆಲವೇ ನಿಮಿಷದ ತುಣುಕು, ಜಾನ್ಸನ್ ಬಿಟ್ಟುಹೋದ ಮೇಲೆ ತೆಗೆದದ್ದು. ಎಂಜಿನಿಯರ್ ಆಗಿ, ಸೈನಿಕನಾಗಿ ಅವರು ಹೇಗೆ ನಡೆದರು, ಹೇಗೆ ನಕ್ಕರು ಎಂದು ನೋಡಲು ಒಂದು ಅಡಿ ಫಿಲ್ಮೂ ಇಲ್ಲ.