ಕೊಡಗಿಗೆ ಕೊಟ್ಟ ಮಾತು ಎಷ್ಟು ದೂರ ಬಂತು?

1792ರ ಮಾರ್ಚ್. ಮೂರನೇ ಮೈಸೂರು ಯುದ್ಧ ಮುಗಿದೇ ಹೋಯಿತು ಅನ್ನುವ ಹೊತ್ತು. ಅರ್ಧ ರಾಜ್ಯ ಬಿಟ್ಟುಕೊಡಲು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಲು ಟಿಪ್ಪು ಸುಲ್ತಾನ್ ಒಪ್ಪಿಯಾಗಿತ್ತು. ಅವನ ಇಬ್ಬರು ಗಂಡುಮಕ್ಕಳು ಒತ್ತೆಯಾಳಾಗಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೈಸೇರಿದ್ದರು. ಅಷ್ಟರಲ್ಲಿ ಬಿಟ್ಟುಕೊಡಬೇಕಾದ ಸೀಮೆಗಳ ಪಟ್ಟಿಯಲ್ಲಿ ಕೊಡಗಿನ ಹೆಸರು ಕಾಣಿಸಿತು. ಟಿಪ್ಪು ಸಿಡಿದೆದ್ದ. ಕೊಡಗು ಇಂಗ್ಲಿಷರ ಯಾವ ಸೀಮೆಗೆ ತಾಗಿಕೊಂಡಿದೆ? ಇದರ ಬದಲು ಶ್ರೀರಂಗಪಟ್ಟಣದ ಬೀಗದ ಕೈಯನ್ನೇ ಕೇಳಬಾರದಾ? ಅವನು ಹೀಗೆ ಕೇಳಿದನೆಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ.

ಅವನ ವಾದದಲ್ಲಿ ಹುರುಳಿತ್ತು. ಮೊದಲ ಕರಾರಿನ ಪ್ರಕಾರ ಗೆದ್ದವರ ಗಡಿಗೆ ಹೊಂದಿಕೊಂಡ ಸೀಮೆಗಳನ್ನು ಕೊಡಬೇಕಿತ್ತು. ಕೊಡಗು ಇದ್ದದ್ದು ಮೈಸೂರಿನ ಹಿತ್ತಿಲಲ್ಲಿ. ಆದರೂ ಕಾರ್ನ್‌ವಾಲಿಸ್ ಬಗ್ಗಲಿಲ್ಲ. ನಮ್ಮನ್ನು ನಂಬಿ ಯುದ್ಧಕ್ಕಿಳಿದ ರಾಜನನ್ನು ಶತ್ರುವಿನ ಕೈಗೆ ಬಿಡಲಾರೆ ಅಂದ. ಮತ್ತೆ ಮುತ್ತಿಗೆಗೆ ತಯಾರಿ ಶುರುವಾಯಿತು. ಟಿಪ್ಪುವಿನ ಮಕ್ಕಳನ್ನು ದೂರ ಕಳಿಸುವ ಏರ್ಪಾಡೂ ಆಯಿತು. ಕೊನೆಗೆ ಟಿಪ್ಪು ಒಪ್ಪಿದ.

ಮಿತ್ರನ ಮೇಲೆ ಹೊರಗಿನವರು ಏರಿ ಬಂದರೆ ಒಂದು ದೇಶ ಎಷ್ಟು ದೂರ ಹೋಗಬೇಕು? ಉಕ್ರೇನ್ ಯುದ್ಧ ಶುರುವಾದ ಮೇಲೆ ಈ ಪ್ರಶ್ನೆ ದಿನಪತ್ರಿಕೆ ಓದುವವರ ಬಾಯಲ್ಲೂ ಬಂತು. 1994ರ ಬುಡಾಪೆಸ್ಟ್ ಪತ್ರದಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತ್ತು. ಅಮೆರಿಕ, ಬ್ರಿಟನ್, ರಷ್ಯಾ ಅದರ ಗಡಿಯನ್ನು ಗೌರವಿಸುವ ಭರವಸೆ ಕೊಟ್ಟಿದ್ದವು. ಬಂದು ಕಾದಾಡುತ್ತೇವೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಸೈನ್ಯದಲ್ಲಿ ದುಡಿದವರು ಊರೂರಲ್ಲಿ ಇರುವ ಕೊಡಗಿನಲ್ಲಿ ಇಂಥ ಚರ್ಚೆ ಸುಮ್ನೆ ಹೊತ್ತು ಕಳೆಯುವ ಮಾತಲ್ಲ. ಅದಕ್ಕಿಂತ ಹೆಚ್ಚಾಗಿ, ಇಂಥ ಒಂದು ಕಾಗದದ ಮೇಲೆ ಕೊಡಗೇ ನಲವತ್ತು ವರ್ಷಕ್ಕೂ ಜಾಸ್ತಿ ಬದುಕಿತ್ತು.

ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಮಾತು ತಪ್ಪಿ ಆಗಲೇ ರೂಢಿಯಿತ್ತು. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಬಂದು ನಿಂತು ಒಪ್ಪಂದ ಮಾಡಿಸಿಕೊಂಡಿದ್ದ. ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬ ಕರಾರು ಅದರಲ್ಲಿತ್ತು. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಂದರು. ಕಂಪನಿ ಅಲ್ಲಾಡಲಿಲ್ಲ. ಹೈದರ್ ಇದನ್ನು ಸಾಯುವ ತನಕ ಮರೆಯಲಿಲ್ಲ. 1784ರ ಮಂಗಳೂರು ಒಪ್ಪಂದದಲ್ಲೂ ಇದೇ ಕತೆ. ಕಂಪನಿಯ ಪರ ನಿಂತಿದ್ದ ಮಲಬಾರಿನ ರಾಜರು, ನಾಯರ್‌ಗಳು ಮತ್ತೆ ಮೈಸೂರಿನ ಕೈಕೆಳಗೇ ಉಳಿದರು.

ಹಾಗಾದರೆ 1790ರಲ್ಲಿ ಕಂಪನಿಗೆ ಮಿತ್ರರ ಮೇಲೆ ಇಷ್ಟು ಕಾಳಜಿ ಎಲ್ಲಿಂದ ಬಂತು? ಒಂದು ಕಾರಣ ಲಂಡನ್ನಿನಲ್ಲಿದೆ. 1784ರ ಪಿಟ್ ಕಾಯ್ದೆ, ಭಾರತದಲ್ಲಿ ರಾಜ್ಯ ಗೆಲ್ಲುವ ಯೋಜನೆ ಬ್ರಿಟನ್ನಿನ ಮರ್ಯಾದೆಗೆ ತಕ್ಕದ್ದಲ್ಲ ಎಂದು ಸಾರಿತು. ಲಂಡನ್ನಿನ ಅಪ್ಪಣೆ ಇಲ್ಲದೆ ಗವರ್ನರ್ ಜನರಲ್ ಯುದ್ಧ ಹೂಡುವಂತಿಲ್ಲ. ತಮ್ಮ ಮೇಲೆ ದಾಳಿಯಾದರೆ, ಇಲ್ಲವೇ ಒಪ್ಪಂದದ ಪ್ರಕಾರ ತಾವು ಕಾಯಬೇಕಾದ ರಾಜನ ಮೇಲೆ ದಾಳಿಯಾದರೆ ಮಾತ್ರ ಆ ಕಟ್ಟು ಸಡಿಲ. ಯುದ್ಧಕ್ಕೆ ಹೋಗಬೇಕೆಂದರೆ ಒಬ್ಬ ಮಿತ್ರ ಬೇಕು, ಅಲ್ವಾ? 1789ರ ಡಿಸೆಂಬರ್ ಕೊನೆಗೆ ಟಿಪ್ಪು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದಾಗ ಆ ಕಾರಣ ತಾನಾಗಿಯೇ ಸಿಕ್ಕಿತು. ತಿರುವಾಂಕೂರು ಕಂಪನಿಯ ಮಿತ್ರರಾಜ್ಯವಾಗಿತ್ತು.

ಕೊಡಗು ಈ ಯುದ್ಧಕ್ಕೆ ಬಂದದ್ದು ತನ್ನದೇ ಗಾಯ ಹೊತ್ತು. 1780ರಲ್ಲಿ ಹೈದರ್ ಕೊಡಗನ್ನು ತನ್ನ ಕೈಗೆ ತೆಗೆದುಕೊಂಡಿದ್ದ. ಆಮೇಲೆ ದಂಗೆಯ ಮೇಲೆ ದಂಗೆ. 1785ರಲ್ಲಿ ಟಿಪ್ಪು ಕೊಡವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಎಂಬ ಲೆಕ್ಕಕ್ಕೆ ಇಂದಿಗೂ ಜಗಳವಿದೆ. ಸಾಗಿಸಿದ್ದರ ಬಗ್ಗೆ ಇಲ್ಲ. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಬಂದ. ಜನರನ್ನು ಕಟ್ಟಿಕೊಂಡು ಮೈಸೂರಿನ ಠಾಣೆಗಳನ್ನು ಒಂದೊಂದಾಗಿ ಕಿತ್ತ. ಅಂದರೆ ಕಂಪನಿ ಬರುವ ಮೊದಲೇ ಕೊಡಗು ಹೋರಾಟಕ್ಕಿಳಿದಿತ್ತು. ಈ ಮಾತನ್ನು ಹಲವರು ಮರೆಯುತ್ತಾರೆ.

1790ರ ಅಕ್ಟೋಬರಿನಲ್ಲಿ ತಲಶ್ಶೇರಿಯ ಕಂಪನಿ ಮುಖ್ಯಸ್ಥ ರಾಬರ್ಟ್ ಟೇಲರ್ ಜೊತೆ ರಾಜನ ಒಪ್ಪಂದವಾಯಿತು. ಟಿಪ್ಪು ಇಬ್ಬರಿಗೂ ಶತ್ರು. ರಾಜ ದಾರಿ ಬಿಡಬೇಕು, ದವಸ ದನ ಒದಗಿಸಬೇಕು. ಕಂಪನಿ ಕೊಡಗಿನ ಸ್ವಾತಂತ್ರ್ಯಕ್ಕೆ ಹೊಣೆ. ಟಿಪ್ಪು ಜೊತೆ ಸಂಧಿಯಾದರೂ ರಾಜನ ಹಿತ ಕಾಯಬೇಕು. ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಹತ್ತುವ ಘಾಟಿ ಕೊಡಗಿನ ಕೈಲಿತ್ತು. ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯ ಹತ್ತಿದ್ದು ಅದೇ ಘಾಟಿಯಲ್ಲಿ. ರಾಜ ಅವನನ್ನು ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿಸಿದ ಊರೇ ವಿರಾಜಪೇಟೆ.

ಯುದ್ಧದ ನಡುವೆ ನಡೆದ ಒಂದು ಸಂಗತಿ ನನಗೆ ಒಪ್ಪಂದಕ್ಕಿಂತ ಜಾಸ್ತಿ ಇಷ್ಟ. ಮಡಿಕೇರಿ ಕೋಟೆಯಲ್ಲಿ ಸಿಕ್ಕಿಬಿದ್ದ ಮೈಸೂರು ಪಡೆಯ ನೆರವಿಗೆ ಟಿಪ್ಪು ಖಾದರ್ ಖಾನ್ ಎಂಬ ಸರದಾರನನ್ನು ಕಳಿಸಿದ. ರಾಜ ಅವನನ್ನು ಸುತ್ತುವರಿದ. ಹಿಡಿದುಬಿಡಬಹುದಿತ್ತು. ಆದರೆ ಹಿಂದೆ ಕಷ್ಟಕಾಲದಲ್ಲಿ ಈ ಖಾನ್ ರಾಜನ ಮನೆಯವರಿಗೆ ಉಪಕಾರ ಮಾಡಿದ್ದ. ರಾಜ ಅವನನ್ನು ಬಿಟ್ಟು ಕಳಿಸಿದ. ಋಣ ಎಂದರೆ ಅವನ ಲೆಕ್ಕದಲ್ಲಿ ಮನುಷ್ಯನಿಗೆ ಮನುಷ್ಯ ಕೊಡಬೇಕಾದ್ದು. ಕಂಪನಿಯನ್ನೂ ಅವನು ಹಾಗೇ ನಂಬಿದ್ದ.

1793ರಲ್ಲಿ ಹೊಸ ಕರಾರು: ರಾಜ ವರ್ಷಕ್ಕೆ 24,000 ರೂಪಾಯಿ ಪೊಗದಿ, ಅಂದರೆ ಕಪ್ಪ, ಕಟ್ಟಬೇಕು. ಸ್ವತಂತ್ರ ಮಿತ್ರ ಪೊಗದಿ ಕಟ್ಟುವುದೇಕೆ ಎಂದು ಆಗ ಯಾರಾದರೂ ಕೇಳಿದರೋ ಏನೋ. 1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪು ಬೊಂಬಾಯಿ ಸೈನ್ಯದ ಮೇಲೆ ಬಿದ್ದಾಗಲೂ ರಾಜ ಇಂಗ್ಲಿಷರ ಜೊತೆಗಿದ್ದ. ಟಿಪ್ಪು ಸತ್ತ ಮೇಲೆ ಪೊಗದಿ ಮಾಫಿಯಾಯಿತು. ಬದಲಿಗೆ ವರ್ಷಕ್ಕೊಂದು ಆನೆ. ಪಂಜ, ಬೆಳ್ಳಾರೆ ಸೀಮೆಗಳು ಇನಾಮಾಗಿ ಬಂದವು.

ಆದರೆ ಟಿಪ್ಪು ಇಲ್ಲದ ಮೇಲೆ ಕಂಪನಿಗೆ ಕೊಡಗಿನ ಘಾಟಿಯ ಅಗತ್ಯವೂ ಹೋಯಿತು. 1809ರಲ್ಲಿ ದೊಡ್ಡ ವೀರರಾಜೇಂದ್ರ ತೀರಿಕೊಂಡ. ಮುಂದೆ ಚಿಕವೀರರಾಜೇಂದ್ರನ ಕಾಲಕ್ಕೆ ಅರಮನೆಯೊಳಗೇ ರಕ್ತ ಹರಿಯಿತು. ಅವನ ಸೋದರಿ ದೇವಮ್ಮಾಜಿ ಮತ್ತು ಅವಳ ಗಂಡ ಚೆನ್ನಬಸಪ್ಪ 1832ರಲ್ಲಿ ಓಡಿಹೋಗಿ ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ ರೆಸಿಡೆಂಟನ ಆಸರೆ ಪಡೆದರು. ರಾಜ ಅವರನ್ನು ಒಪ್ಪಿಸಿ ಎಂದ. ಕಂಪನಿ ಒಪ್ಪಲಿಲ್ಲ. ರಾಜ ಕಂಪನಿಯ ದೂತನನ್ನು ತಡೆದು ಇಟ್ಟುಕೊಂಡ. 1834ರ ಏಪ್ರಿಲ್ ಮೊದಲ ವಾರ ಕಂಪನಿ ಸೈನ್ಯ ಹಲವು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಲ್ಲಿ ಕೊಡವರು ಚೆನ್ನಾಗಿಯೇ ಹೊಡೆದಟ್ಟಿದರು. ಆದರೂ ಏಪ್ರಿಲ್ 6ರಂದು ಮಡಿಕೇರಿ ಕೈಬಿಟ್ಟಿತು. ಕೊಡಗನ್ನು ಕಂಪನಿ ತನ್ನ ಆಳ್ವಿಕೆಗೆ ಸೇರಿಸಿಕೊಂಡ ಮೇ 7ರ ಘೋಷಣೆಯಲ್ಲಿ ಅದರ ಅಧಿಕಾರಿ ಕರ್ನಲ್ ಫ್ರೇಸರ್ ಹೇಳಿದ್ದೇನು? ಜನರೆಲ್ಲ ಒಂದೇ ಮನಸ್ಸಿನಿಂದ ಬ್ರಿಟಿಷರ ರಕ್ಷಣೆ ಬಯಸಿದ್ದಾರೆ ಎಂದು. ಅರಸ ಕ್ರೂರಿಯಾಗಿದ್ದ ನಿಜ. ಆದರೆ 1790ರ ಕಾಗದ ಕಾಯಬೇಕಾಗಿದ್ದದ್ದು ಕೊಡಗಿನ ಸ್ವಾತಂತ್ರ್ಯವನ್ನೂ ಅಲ್ಲವೇ? ಇನಾಮು ಕೊಟ್ಟ ಪಂಜ, ಬೆಳ್ಳಾರೆ ಕೂಡ ಕೆನರಾಕ್ಕೆ ವಾಪಸಾದವು.

ಗಡಿಪಾರಾಗಿ ಕಾಶಿಯಲ್ಲಿದ್ದ ರಾಜ 1852ರಲ್ಲಿ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹೋದ. ಮಗಳಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಅಪ್ಪ ಕಂಪನಿಯ ಮೇಲೆ ದಾವೆ ಹೂಡಿದ. ಕಂಪನಿಯಲ್ಲಿ ತೊಡಗಿಸಿದ್ದ ಮನೆತನದ ಹಣ ವಾಪಸು ಬೇಕೆಂದು ಕೇಳಿದ. 1859ರಲ್ಲಿ ಅವನು ಲಂಡನ್ನಿನಲ್ಲೇ ಸತ್ತ. 1860ರಲ್ಲಿ ದಾವೆ ವಜಾ ಆಯಿತು. ಕಂಪನಿ ಆ ಹಣ ಕಿತ್ತುಕೊಂಡದ್ದು ಯುದ್ಧದಲ್ಲಿ, ಒಂದು ಸರ್ಕಾರವಾಗಿ. ಅದರ ನ್ಯಾಯ ಅನ್ಯಾಯ ತೂಗುವುದು ತನ್ನ ಕೆಲಸವಲ್ಲ ಎಂಬುದು ಕೋರ್ಟಿನ ನಿಲುವಾಗಿತ್ತು.