ಬೀಮ್–ಕಾಲಂ ಜಾಯಿಂಟಿಗೆ ರಿಂಗ್ ಏಕೆ ಬೇಕು?

ಜಾಯಿಂಟ್ ಎಂದರೆ ಬೀಮ್ (ಅಡ್ಡತೊಲೆ) ಕಾಲಂಗೆ (ಕಂಬಕ್ಕೆ) ಸೇರುವ ಜಾಗ, ರಿಂಗ್ ಎಂದರೆ ಕಾಲಂನ ಉದ್ದ ಕಂಬಿಗಳನ್ನು ಸುತ್ತುವರಿಯುವ ಉಕ್ಕಿನ ಬಳೆ. ಸ್ಥಿರ ಹೊರೆಯಡಿ ಒಳಜಾಯಿಂಟಿನ (ಎರಡೂ ಬದಿಯಿಂದ ಬೀಮ್ ಸೇರುವ ಜಾಯಿಂಟಿನ) ಎಡಬಲದ ಬೀಮ್‌ಗಳ ಮೊಮೆಂಟ್‌ಗಳು (ತಿರುಗಿಸುವ ಪರಿಣಾಮಗಳು) ಬಹುಮಟ್ಟಿಗೆ ಒಂದನ್ನೊಂದು ಸರಿದೂಗಿಸುತ್ತವೆ. ಭೂಕಂಪದಲ್ಲಿ ಹಾಗಲ್ಲ, ಎರಡೂ ಮೊಮೆಂಟ್‌ಗಳು ಜಾಯಿಂಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ಮರುಕ್ಷಣವೇ ವಿರುದ್ಧ ದಿಕ್ಕಿಗೆ ತಿರುಗಿಸುತ್ತವೆ. ಆಗ ಬೀಮಿನ ಮೇಲ್ಭಾಗದ ಕಂಬಿಯನ್ನು ಒಂದು ಬದಿ ಎಳೆದರೆ ಇನ್ನೊಂದು ಬದಿ ಒಳಕ್ಕೆ ತಳ್ಳುತ್ತದೆ.

ಇದರ ಪ್ರಮಾಣವನ್ನು ಲೆಕ್ಕ ಹಾಕಿಯೇ ನೋಡಬೇಕು. ಬೀಮಿನ ಮೇಲ್ಭಾಗದಲ್ಲಿ 20 ಮಿ.ಮೀ. ವ್ಯಾಸದ 4, ಕೆಳಭಾಗದಲ್ಲಿ 3 ಕಂಬಿಗಳಿವೆ ಎನ್ನಿ. 500 ಮೆಗಾಪ್ಯಾಸ್ಕಲ್ ಇಳುವರಿ ಬಲದ (ಶಾಶ್ವತವಾಗಿ ಹಿಗ್ಗತೊಡಗುವ ಮಟ್ಟದ) ಉಕ್ಕು ಸೆಟೆದು ಇನ್ನಷ್ಟು ಬಲ ತೋರಬಹುದೆಂದು ಅದನ್ನು 1.25ರಿಂದ ಗುಣಿಸಿದರೆ, ಒಂದು ಬದಿಯಿಂದ ಸುಮಾರು 785, ಇನ್ನೊಂದು ಬದಿಯಿಂದ 589, ಒಟ್ಟು 1374 ಕಿಲೋನ್ಯೂಟನ್ ಬಲ ಜಾಯಿಂಟಿಗೆ ಬರುತ್ತದೆ. ಲಿವರ್ ಆರ್ಮ್ (ಬೀಮಿನೊಳಗಿನ ಎಳೆತಕ್ಕೂ ಒತ್ತಡಕ್ಕೂ ನಡುವಿನ ಅಂತರ) 0.45 ಮೀಟರ್, ಮಹಡಿಯ ಎತ್ತರ 3 ಮೀಟರ್ ಆದರೆ ಕಾಲಂನ ಶಿಯರ್ (ಅಡ್ಡಕ್ಕೆ ಕತ್ತರಿಸುವ ಬಲ) ಸುಮಾರು 206 ಕಿಲೋನ್ಯೂಟನ್. ಅದನ್ನು ಕಳೆದರೂ ಜಾಯಿಂಟಿನ ಶಿಯರ್ 1168 ಕಿಲೋನ್ಯೂಟನ್ ಉಳಿಯುತ್ತದೆ. ಕಾಲಂ ಹೊರುವುದರ ಐದು ಪಟ್ಟಿಗೂ ಹೆಚ್ಚು! ನನ್ನ ಮಟ್ಟಿಗೆ ಈ ಪಾಠದ ತಿರುಳು ಈ ಅಂಕಿಯೇ, ಏಕೆಂದರೆ ಕಾಲಂ ಸುರಕ್ಷಿತವೆಂದು ತೋರಿಸಿದ ಲೆಕ್ಕ ಜಾಯಿಂಟಿನ ಬಗ್ಗೆ ಏನನ್ನೂ ಹೇಳಿರುವುದಿಲ್ಲ.

ಈ ಬಲವನ್ನು ಮೊದಲು ಹೊರುವುದು ಮೂಲೆಯಿಂದ ಮೂಲೆಗೆ ಓರೆಯಾಗಿ ಒತ್ತಿಕೊಳ್ಳುವ ಕಾಂಕ್ರೀಟಿನ ಪಟ್ಟಿ. ದಿಕ್ಕು ಬದಲಾದಾಗ ಅಡ್ಡ ಕರ್ಣದಲ್ಲೂ ಬಿರುಕು ಮೂಡಿ, ಗುಣಾಕಾರದ ಚಿಹ್ನೆಯಂತೆ ಹೆಣೆದುಕೊಂಡ ಬಿರುಕುಗಳ ನಡುವೆ ಕಾಂಕ್ರೀಟ್ ಸುತ್ತುಸುತ್ತಿಗೂ ಸಡಿಲವಾಗುತ್ತದೆ. ಕಾಲಂನ ರಿಂಗ್‌ಗಳು ಜಾಯಿಂಟಿನ ಎತ್ತರದುದ್ದಕ್ಕೂ ಮುಂದುವರಿದರೆ ಮಾತ್ರ ಒಳಗಿನ ಕಾಂಕ್ರೀಟ್ ಹಿಡಿದು ನಿಲ್ಲುತ್ತದೆ. ರಿಂಗಿನ ತುದಿಗಳನ್ನು 90 ಅಲ್ಲ, 135 ಡಿಗ್ರಿಗೆ ಒಳಕ್ಕೆ ಬಾಗಿಸಬೇಕು, ಇಲ್ಲವಾದರೆ ಹೊರಕವಚ ಉದುರಿದೊಡನೆ ಅವು ಬಿಚ್ಚಿಕೊಳ್ಳುತ್ತವೆ.

ಹಿಡಿತದ ಪ್ರಶ್ನೆಯೂ ಇದೆ. ಎಳೆತ-ತಳ್ಳುಗಳಿಂದ ಕಂಬಿ ಜಾರತೊಡಗಿದರೆ ಚೌಕಟ್ಟಿನ ಬಿಗಿ ಕುಗ್ಗಿ, ಶಕ್ತಿ ಹೀರುವ ಗುಣವೂ ಇಳಿಯುತ್ತದೆ. ಆದ್ದರಿಂದ ಜಾಯಿಂಟಿನ ಮೂಲಕ ಹಾದುಹೋಗುವ ಬೀಮ್ ಕಂಬಿಯ ವ್ಯಾಸದ ಕನಿಷ್ಠ 20 ಪಟ್ಟು ಆಳ ಕಾಲಂಗೆ ಇರಬೇಕೆಂಬುದು ರೂಢಿಯ ನಿಯಮ. ನಮ್ಮ ಉದಾಹರಣೆಗೆ ಅದು 400 ಮಿ.ಮೀ. ಅಂಚಿನ ಜಾಯಿಂಟಿನಲ್ಲಿ ಕಂಬಿಯನ್ನು ಕಾಲಂನ ದೂರದ ಬದಿಯವರೆಗೆ ಒಯ್ದು ಕೊಕ್ಕೆಯನ್ನು ಜಾಯಿಂಟಿನ ಒಳಕ್ಕೇ ತಿರುಗಿಸಬೇಕು.

ಬೀಮಿನ ಕಂಬಿಗಳನ್ನು ಇಳಿಸಿದ ಮೇಲೆ ಈ ರಿಂಗ್‌ಗಳನ್ನು ತೂರಿಸಲು ಜಾಗವೇ ಇರುವುದಿಲ್ಲ. ಕಂಬಿ ಕಟ್ಟುವ ಅನುಕ್ರಮವನ್ನು ನಕ್ಷೆಯಲ್ಲೇ ಬರೆದು, ಬೀಮ್ ಕಂಬಿ ಬರುವ ಮುನ್ನವೇ ರಿಂಗ್‌ಗಳನ್ನು ಕಾಲಂಗೆ ತೊಡಿಸಿಡಬೇಕು.