ಮಂತ್ರಿ ತಿಂದ ಹತ್ತು ವರ್ಷದ ಅಕ್ಕಿ

2024ರ ಮೇ ತಿಂಗಳು. ಥಾಯ್ಲೆಂಡಿನ ಸುರಿನ್ ಪ್ರಾಂತ್ಯದ ಗೋದಾಮೊಂದರಲ್ಲಿ ಅಲ್ಲಿನ ವಾಣಿಜ್ಯ ಮಂತ್ರಿ ಫುಮ್‌ಥಾಮ್ ವೆಚಾಯಚಾಯ್ ಕ್ಯಾಮೆರಾಗಳ ಮುಂದೆ ಅನ್ನ ತಿಂದರು. ಅನ್ನ ಹೊಸದು, ಅಕ್ಕಿ ಮಾತ್ರ ಹತ್ತು ವರ್ಷ ಹಳೆಯದು. ಮಾರಾಟವಾಗದೆ ಸುಮಾರು 15,000 ಟನ್ ಉಳಿದಿತ್ತು. ಅದನ್ನು ಹರಾಜು ಹಾಕುವ ಮೊದಲು ತಿನ್ನೋಕೆ ಯೋಗ್ಯ ಅಂತ ತೋರಿಸಬೇಕಿತ್ತು. ಜನ ಸುಮ್ನೆ ನಂಬಲಿಲ್ಲ. ಬೂಷ್ಟಿನ ವಿಷ ಇದ್ದರೆ? ಹುಳ ಸಾಯಿಸಲು ಮತ್ತೆ ಮತ್ತೆ ಹಾಕಿದ ಔಷಧಿ ಉಳಿದಿದ್ದರೆ? ಕೊನೆಗೆ ಪ್ರಯೋಗಾಲಯಗಳು ಪರೀಕ್ಷಿಸಿ, ಅಪಾಯದ ಮಟ್ಟದ ವಿಷ ಇಲ್ಲ ಅಂದವು.

ಅಷ್ಟು ವರ್ಷ ಆ ಅಕ್ಕಿ ಅಲ್ಲಿ ಏಕೆ ಕೂತಿತ್ತು? 2011ರ ಅಕ್ಟೋಬರ್‌ನಲ್ಲಿ ಯಿಂಗ್ಲಕ್ ಶಿನಾವತ್ರ ಸರ್ಕಾರ ಸಾಮಾನ್ಯ ಬಿಳಿ ಭತ್ತಕ್ಕೆ ಟನ್‌ಗೆ 15,000 ಬಾತ್ (ಅಲ್ಲಿನ ಹಣ) ಕೊಟ್ಟು ರೈತರಿಂದ ಕೊಳ್ಳಲು ಶುರು ಮಾಡಿತು. ಮಾರುಕಟ್ಟೆ ದರಕ್ಕಿಂತ ಬಹಳ ಜಾಸ್ತಿ. ಆಗ ಅಕ್ಕಿ ರಫ್ತಿನಲ್ಲಿ ಥಾಯ್ಲೆಂಡೇ ಮೊದಲು. ನಾವು ಮಾರದೆ ಇಟ್ಟುಕೊಂಡರೆ ಜಗತ್ತಿನಲ್ಲಿ ಬೆಲೆ ಏರುತ್ತದೆ, ಆಮೇಲೆ ಲಾಭಕ್ಕೆ ಮಾರೋಣ ಅನ್ನೋದು ಲೆಕ್ಕ. ಆದರೆ ಅದಕ್ಕೆ ಒಂದು ತಿಂಗಳ ಮುಂಚೆ ಭಾರತ ತನ್ನ ಬಾಸ್ಮತಿಯಲ್ಲದ ಅಕ್ಕಿಯ ರಫ್ತಿಗೆ ಬಾಗಿಲು ತೆರೆದಿತ್ತು. ವಿಯೆಟ್ನಾಂ ಹೇಗೂ ಇತ್ತು. ಬೆಲೆ ಏರಲಿಲ್ಲ, ಗಿರಾಕಿಗಳು ಆಚೆ ಹೋದರು. 2014ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಗೋದಾಮುಗಳಲ್ಲಿ ಸುಮಾರು 1.8 ಕೋಟಿ ಟನ್ ಅಕ್ಕಿ ಇತ್ತು.

ಸಬ್ಸಿಡಿ ಬೇಕೋ ಬೇಡವೋ ಅಂತ ಜಗಳ ಎಷ್ಟು ಬೇಕಾದರೂ ಆಡಬಹುದು. ಎರಡೂ ಕಡೆಯವರು ಮರೆಯುವ ಮೂರನೆಯ ಪಾರ್ಟಿ ಒಂದಿದೆ: ಕಾಳು. ಅದು ಚಿನ್ನದ ಹಾಗೆ ಪೆಟ್ಟಿಗೆಯಲ್ಲಿ ಕೂರುವ ವಸ್ತುವಲ್ಲ.

ಭತ್ತ ಜೀವ ಇರುವ ಬೀಜ. ಗಾಳಿಯ ಆಮ್ಲಜನಕ ತೆಗೆದುಕೊಂಡು, ತನ್ನ ಪಿಷ್ಟವನ್ನೇ ನಿಧಾನವಾಗಿ ಸುಟ್ಟುಕೊಳ್ಳುತ್ತದೆ. ಅದರಿಂದ ಇಂಗಾಲದ ಡೈ ಆಕ್ಸೈಡ್, ನೀರು, ಶಾಖ ಹುಟ್ಟುತ್ತವೆ. ಒಣಗಿದ್ದರೆ ಈ ಉಸಿರಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತೇವ ಶೇ. 14 ದಾಟಿತೋ, ಆಟ ಬದಲಾಗುತ್ತದೆ. ಉಸಿರಾಟ ಜೋರಾದಷ್ಟೂ ಶಾಖ, ತೇವ ಹೆಚ್ಚುತ್ತವೆ. ಅವು ಹೆಚ್ಚಿದಷ್ಟೂ ಉಸಿರಾಟ ಜೋರಾಗುತ್ತದೆ. ರಾಶಿಯ ನಡುವೆ ಕೈ ಹಾಕಿದರೆ ಬೆಚ್ಚಗಿರುವ ಜಾಗವೊಂದು ಸಿಗುತ್ತದೆ. ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಬೀಜ ಕಾಪಿಡುವವರಲ್ಲಿ ಒಂದು ಸರಳ ಸೂತ್ರವಿದೆ: ತೇವ ಶೇ. 1ರಷ್ಟು ಇಳಿದರೆ ಬೀಜದ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟು. ತಾಪಮಾನ ಐದಾರು ಡಿಗ್ರಿ ಇಳಿದರೂ ಅಷ್ಟೇ.

ಮಿಲ್‌ನಲ್ಲಿ ಪಾಲಿಶ್ ಆದ ಅಕ್ಕಿಗೆ ಮೊಳಕೆಯ ಭಾಗವೇ ಇರುವುದಿಲ್ಲ. ಅದು ಉಸಿರಾಡದು. ಹಾಗಂತ ಕೆಡುವುದಿಲ್ಲ ಅಂತಲ್ಲ. ಸಿಪ್ಪೆಯ ಕವಚ ಹೋದ ಮೇಲೆ ಹುಳಕ್ಕೆ ದಾರಿ ಸಲೀಸು. ಕಾಳಿಗೆ ಅಂಟಿಕೊಂಡ ಚೂರುಪಾರು ಎಣ್ಣೆಯಂಶ ಗಾಳಿಗೆ ಕಮಟು ಹತ್ತುತ್ತದೆ. ಬಣ್ಣ ಹಳದಿಗೆ ತಿರುಗುತ್ತದೆ. ಭತ್ತವಾಗಿಯೇ ಇಟ್ಟರೆ ಬಾಳಿಕೆ ಜಾಸ್ತಿ, ಆದರೆ ಜಾಗವೂ ಜಾಸ್ತಿ ಬೇಕು.

ನುಸಿ ಹುಳದ ಕೆಲಸ ನೋಡಿ. ಉದ್ದ ಬರೀ ಮೂರು ಮಿಲಿಮೀಟರ್. ಹೆಣ್ಣು ಹುಳ ತನ್ನ ಚೂಪು ಮೂತಿಯಿಂದ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಿಂದ ಬಾಯಿ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಬೆಳೆದು, ಬೆಚ್ಚಗಿದ್ದರೆ ತಿಂಗಳೊಳಗೆ ಗೋಡೆ ಕೊರೆದು ಹೊರಬರುತ್ತದೆ. ಅಲ್ಲಿಯವರೆಗೆ ಕಾಳು ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಮಾದರಿ ತೆಗೆದು ನೋಡಿದ ಅಧಿಕಾರಿ ‘ಸರಿ ಇದೆ’ ಅಂತ ಬರೆದರೆ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ! ಮೂಟೆಗಳಿಗೆ ಟಾರ್ಪಾಲು ಹೊದಿಸಿ ಫಾಸ್ಫೀನ್ ಅನಿಲ ಬಿಡುತ್ತಾರೆ. ಹೊದಿಕೆಯಲ್ಲಿ ಒಂದು ಸೀಳಿದ್ದರೂ ಅನಿಲ ಸೋರುತ್ತದೆ, ಗಟ್ಟಿ ಹುಳಗಳು ಬದುಕುತ್ತವೆ. ಮುಂದಿನ ಸಂತಾನ ಅವುಗಳದ್ದೇ. ಹಲವು ದೇಶಗಳಲ್ಲಿ ಈಗ ಫಾಸ್ಫೀನ್‌ಗೆ ಬಗ್ಗದ ಹುಳಗಳಿವೆ.

ಇನ್ನು ಬೂಷ್ಟಿನ ವಿಷ, ಆಫ್ಲಾಟಾಕ್ಸಿನ್. ಇದರ ಪರಿಚಯ ಆಗಿದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಹಾಗಾಗಿ ಮಂತ್ರಿ ತಿಂದು ತೋರಿಸಿದ್ದು ಪರೀಕ್ಷೆಯೇ ಅಲ್ಲ. ಇದು ಯಕೃತ್ತನ್ನು ವರ್ಷಗಟ್ಟಲೆ ಕಾಡುವ ವಿಷ. ಒಂದು ತುತ್ತಿನಲ್ಲಿ ಏನು ಗೊತ್ತಾದೀತು?

ದಾಸ್ತಾನೇ ಬೇಡ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. 2007-08ರಲ್ಲಿ ಜಗತ್ತಿನ ಧಾನ್ಯ ದಾಸ್ತಾನು ತಳ ಕಂಡಿದ್ದಾಗಲೇ ಬೆಲೆ ಭುಗಿಲೆದ್ದಿದ್ದು, ಹಲವು ದೇಶಗಳಲ್ಲಿ ಜನ ಬೀದಿಗಿಳಿದಿದ್ದು. ತೊಂದರೆ ಇರುವುದು ಒಳಗೆ ಬರುವ ಬಾಗಿಲಷ್ಟೇ ಅಗಲದ ಹೊರಬಾಗಿಲು ಇಲ್ಲದಿರುವುದರಲ್ಲಿ. ಹೆಚ್ಚು ಬೆಲೆಗೆ ಕೊಂಡಿದ್ದನ್ನು ಕಡಿಮೆಗೆ ಮಾರಿದ ದಿನವೇ ನಷ್ಟ ಪುಸ್ತಕಕ್ಕೆ ಏರುತ್ತದೆ. ಮಾರದೆ ಇದ್ದರೆ? ಪುಸ್ತಕದಲ್ಲಿ ಕೊಂಡ ಬೆಲೆಯೇ ಇರುತ್ತದೆ, ಹುಳ ತಿಂದರೂ. ಹೀಗಿರುವಾಗ ಮಾರೋಣ ಅಂತ ಯಾರು ಮೊದಲು ಬಾಯಿ ಬಿಡುತ್ತಾರೆ, ಅಲ್ವಾ?

ಥಾಯ್ಲೆಂಡಿನ ಸೈನಿಕ ಸರ್ಕಾರ ಆ ದಾಸ್ತಾನನ್ನು ಖಾಲಿ ಮಾಡಲು ವರ್ಷಗಳನ್ನೇ ತೆಗೆದುಕೊಂಡಿತು. ಚೆನ್ನಾಗಿದ್ದದ್ದು ಮನುಷ್ಯರಿಗೆ, ಕೆಟ್ಟಿದ್ದು ದನ-ಕೋಳಿಗಳ ಮೇವಿಗೆ, ಅದಕ್ಕೂ ಆಗದ್ದು ಕಾರ್ಖಾನೆಗಳಿಗೆ ಹೋಯಿತು. ಸುರಿನ್‌ನ ಆ ಕೊನೆಯ ಮೂಟೆಗಳನ್ನು ಹರಾಜಿಗೆ ಇಟ್ಟಿದ್ದು 2024ರಲ್ಲಿ. ಅವನ್ನು ತುಂಬಿಸಿದ ಯೋಜನೆ ನಿಂತು ಆಗಲೇ ಹತ್ತು ವರ್ಷ ಆಗಿತ್ತು.